ಉಳಿಸಿದ ಹಣ ಯಾರದು?

ನಮ್ಮ ಮನೆಯಲ್ಲಿ ತಿಂಗಳ ಖರ್ಚು ಬರೆಯುವ ಪುಸ್ತಕವೊಂದುಂಟು. ಹಾಲು, ಅಕ್ಕಿ, ದಿನಸಿ, ಮಕ್ಕಳ ಶಾಲೆ, ಔಷಧಿ, ಹೀಗೆ ಬಾಬುಗಳು ಒಂದರ ಕೆಳಗೊಂದು ಇಳಿಯುತ್ತ ಬರುತ್ತವೆ. ಏಳು ವರ್ಷಗಳ ಹಿಂದೆ ಒಂದು ಮಳೆಯ ರಾತ್ರಿ ಬೀದಿಯ ಮರಿಯೊಂದು ನಮ್ಮ ಗೇಟಿನೊಳಗೆ ನುಸುಳಿ ಬಂದು ಇಲ್ಲಿಯೇ ನಿಂತಿತು. ಅಂದಿನಿಂದ ಆ ಪಟ್ಟಿಯ ಕೊನೆಯಲ್ಲಿ 'ಕರಿಯ' ಎಂಬ ಬಾಬೊಂದು ಸೇರಿದೆ. ತಿಂಗಳ ಕೊನೆಯ ವಾರ ಕೈ ಬಿಗಿಯಾದಾಗ ನನ್ನ ಕಣ್ಣು ಮೊದಲು ಹೋಗುವುದು ಆ ಕೊನೆಯ ಸಾಲಿಗೆ. ಹೋಗುವುದಕ್ಕೆ ಕಾರಣವೂ ಇದೆ. ಮಕ್ಕಳ ಬಾಬಿನಲ್ಲಿ ಕೈಯಿಟ್ಟರೆ ಮಕ್ಕಳು ಕೇಳುತ್ತಾರೆ. ದಿನಸಿಯಲ್ಲಿ ಕೈಯಿಟ್ಟರೆ ಹೆಂಡತಿ ಕೇಳುತ್ತಾಳೆ. ನನ್ನ ಕಾಫಿಯಲ್ಲಿ ಕೈಯಿಟ್ಟರೆ ನನ್ನ ನಾಲಗೆಯೇ ಕೇಳುತ್ತದೆ. ಕೇಳದೆ ಇರುವವನು ಕರಿಯನೊಬ್ಬನೇ.

ಕೇಳದವನ ಪಾಲಿನಿಂದ ಉಳಿಸಿದ್ದು ಮಿತವ್ಯಯವಾಗುತ್ತದೆಯೇ? ಸಣ್ಣ ಪ್ರಶ್ನೆ. ಆದರೆ ಇದನ್ನು ಹಿಡಿದು ಹೊರಟರೆ ಸಾಕಷ್ಟು ದೂರ ಹೋಗಬೇಕಾಗುತ್ತದೆ.

ನನ್ನ ಅಜ್ಜನದು ಮಳವಳ್ಳಿ ತಾಲ್ಲೂಕಿನ ಹಳ್ಳಿ. ರಜೆಗೆ ಹೋದಾಗ ನಾನು ಕಂಡ ಆ ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು, ಎರಡು ಎಮ್ಮೆ, ಐದಾರು ಕುರಿ, ಒಂದು ನಾಯಿ ಇದ್ದವು. ಕುರಿ ಎಂದಮೇಲೆ ಬೇರೆ ಹೇಳಬೇಕಾದುದಿಲ್ಲ. ಬಂಡೂರು ಕುರಿಗೆ ಹೆಸರು ಕೊಟ್ಟ ಬಂಡೂರು ಇರುವುದೇ ಆ ತಾಲ್ಲೂಕಿನಲ್ಲಿ. ಅಜ್ಜ ಬಲು ಲೆಕ್ಕಾಚಾರದ ಮನುಷ್ಯ. ಹರಿದ ಪಂಚೆ ಮೊದಲು ಒರೆಸುವ ಬಟ್ಟೆಯಾಗಿ, ಆಮೇಲೆ ದೀಪದ ಬತ್ತಿಯಾಗಿ ಮುಗಿಯಬೇಕು. ಇಂಥವನು ಎತ್ತಿನ ಮೇವಿನಲ್ಲಿ ಮಾತ್ರ ಒಂದು ಹಿಡಿಯನ್ನೂ ಹಿಂದಕ್ಕೆ ತೆಗೆದವನಲ್ಲ. ಗದ್ದೆಯಿಂದ ಬಂದರೆ ಮೊದಲು ಎತ್ತಿಗೆ ನೀರು, ಹುಲ್ಲು. ಆಮೇಲೆ ತನ್ನ ಕೈಕಾಲಿಗೆ ನೀರು. ಲಾಳ ಸವೆದ ಎತ್ತನ್ನು ರಸ್ತೆಗೆ ಇಳಿಸುತ್ತಿರಲಿಲ್ಲ. ಅವನ ಉಳಿತಾಯವೆಲ್ಲ ಅವನ ಮೈಮೇಲಿನದು; ದನದ ಮೈಮೇಲಿನದಲ್ಲ.

ಎತ್ತು ದುಡಿಯುವ ಪ್ರಾಣಿ, ಅದಕ್ಕೆ ತಿನ್ನಿಸಿದ್ದು ಬಂಡವಾಳವೇ ಆಯಿತಲ್ಲ ಎಂದು ಯಾರಾದರೂ ಹೇಳಬಹುದು. ಮಾತು ನಿಜವೇ. ಹಾಗಾದರೆ ನಾಯಿಯನ್ನು ನೋಡೋಣ. ಅಜ್ಜನ ಮನೆಯ ನಾಯಿಗೆ ಖರ್ಚಿನ ಬಾಬೇ ಇರಲಿಲ್ಲ. ಮಿಕ್ಕ ರಾಗಿ ಮುದ್ದೆ, ಒಂದಿಷ್ಟು ಮಜ್ಜಿಗೆ, ಮಲಗಲು ಹಗೇವಿನ ಪಕ್ಕದ ಬಿಸಿಲು. ಇದನ್ನು ನೆನೆದು 'ಆ ಕಾಲದಲ್ಲಿ ಒಂದು ಕಾಸಿಲ್ಲದೆ ನಾಯಿ ಸಾಕುತ್ತಿದ್ದರು' ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಆದರೆ ನೆನಪಿಗೂ ಒಂದು ಪ್ರಾಮಾಣಿಕತೆ ಬೇಕು. ನಾನು ಹತ್ತು ವರ್ಷ ತುಂಬುವುದರೊಳಗೆ ಆ ಮನೆಯಲ್ಲಿ ಮೂರು ನಾಯಿಗಳು ಬಂದು ಹೋದವು. ಒಂದು ಮರಿಯಾಗಿದ್ದಾಗಲೇ ಹೊಟ್ಟೆಯುಬ್ಬಿ ಸತ್ತಿತು. ಇನ್ನೊಂದಕ್ಕೆ ಹುಚ್ಚು ಹಿಡಿಯಿತೆಂದು ಊರವರು ಹೊಡೆದು ಕೊಂದರು. ಮೂರನೆಯದು ಒಂದು ದಿನ ಕಾಣೆಯಾಯಿತು. ಹುಡುಕುವುದಕ್ಕೆ ಯಾರೂ ಹೋಗಲಿಲ್ಲ. ಖರ್ಚು ಇರಲಿಲ್ಲವೆಂದಲ್ಲ, ಅದನ್ನು ನಾಯಿಗಳೇ ತೆತ್ತಿದ್ದವು. ಬರೆದಿಡುವ ಪುಸ್ತಕ ಇರಲಿಲ್ಲ, ಅಷ್ಟೆ.

ಈಗ ಕಾಲ ಇನ್ನೊಂದು ತುದಿಗೆ ಬಂದಿದೆ. ಮಂಡ್ಯದಂಥ ಊರಿನಲ್ಲಿಯೂ ಸಾಕುಪ್ರಾಣಿಗಳ ಅಂಗಡಿಗಳು ಎದ್ದಿವೆ. ಹೊಳೆಯುವ ಪೊಟ್ಟಣದ ಬಿಸ್ಕತ್ತು, ಸುಗಂಧದ ಸೋಪು, ಚಳಿಗೆ ಅಂಗಿ, ಒರಗಲು ಮೆತ್ತೆ, ಹುಟ್ಟುಹಬ್ಬಕ್ಕೆ ಟೋಪಿ. ನಾನೂ ಒಮ್ಮೆ ಮಕ್ಕಳ ಒತ್ತಾಯಕ್ಕೆ ಸೋತು ಒಂದು ಮೆತ್ತೆ ತಂದೆ. ಕರಿಯ ಅದನ್ನು ಮೂಸಿ ನೋಡಿ, ಬಾಗಿಲ ಬಳಿಯ ಹಳೆಯ ಗೋಣಿಚೀಲದ ಮೇಲೆ ಹೋಗಿ ಮಲಗಿದ. ಆ ಮೆತ್ತೆ ಯಾರಿಗಾಗಿ ತಂದದ್ದು ಎಂಬುದು ಆಗ ನನಗೆ ಗೊತ್ತಾಯಿತು. ಇಂಥ ಕಡೆ ಎಷ್ಟು ಕಡಿದರೂ ದೋಷವಿಲ್ಲ. ಹಳೆಯ ಕೌದಿ, ಮಗುಚದಂಥ ಭಾರವಾದ ಬಟ್ಟಲು, ದಿನವೂ ಐದು ನಿಮಿಷ ಬಾಚಣಿಗೆ ಹಿಡಿದು ಉಣ್ಣೆ ಹುಡುಕುವ ತಾಳ್ಮೆ, ಅನ್ನಕ್ಕೋ ಮುದ್ದೆಗೋ ಬೇಯಿಸಿದ ಒಂದು ಮೊಟ್ಟೆ: ಇವಕ್ಕೆ ಹೆಚ್ಚು ಹಣ ಬೇಡ, ಮನಸ್ಸು ಬೇಕು. ಇಲ್ಲಿ ನಾವು ಕಡಿಯುವುದು ನಮ್ಮ ಡೌಲನ್ನೇ ಹೊರತು ನಾಯಿಯ ಸುಖವನ್ನಲ್ಲ.

ಕಷ್ಟ ಬರುವುದು, ಡೌಲನ್ನು ಕಡಿದ ಕತ್ತಿ ಅಷ್ಟಕ್ಕೇ ನಿಲ್ಲದೆ ಹೋದಾಗ. ನನ್ನ ಕತ್ತಿ ನಿಲ್ಲಲಿಲ್ಲ. ಮೂರು ವರ್ಷಗಳ ಹಿಂದೆ ಕರಿಯನಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಮತ್ತೆ ಹಾಕಿಸಬೇಕಾದ ತಿಂಗಳು ಬಂದಿತು. ವೈದ್ಯರನ್ನು ಮನೆಗೇ ಕರೆಸಿದರೆ ಸುಮಾರು 400 ರೂಪಾಯಿ. ಆ ತಿಂಗಳು ಬೇರೆ ಖರ್ಚುಗಳಿದ್ದವು. 'ಇವನು ಗೇಟು ದಾಟುವುದೇ ಅಪರೂಪ, ಮುಂದಿನ ತಿಂಗಳು ನೋಡೋಣ' ಎಂದುಕೊಂಡೆ. ಮುಂದಿನ ತಿಂಗಳೂ ಹಾಗೆಯೇ ಅಂದುಕೊಂಡೆ. ಸರಕಾರಿ ಪಶು ಆಸ್ಪತ್ರೆಗೆ ನಾನೇ ನಡೆಸಿಕೊಂಡು ಹೋಗಿದ್ದರೆ ಅಷ್ಟೂ ಆಗುತ್ತಿರಲಿಲ್ಲ. ಆದ್ದರಿಂದ ನಾನು ಉಳಿಸಿದ್ದು ಹಣವನ್ನು ಮಾತ್ರವಲ್ಲ. ಒಂದು ಬೆಳಗಿನ ಮೈಗಳ್ಳತನವನ್ನೂ ಉಳಿಸಿಕೊಂಡೆ.

ಅದೇ ವರ್ಷ ಒಂದು ಬೆಳಗ್ಗೆ, ನಮ್ಮ ಮನೆಯ ಪಾತ್ರೆ ತೊಳೆದುಕೊಡುವ ಹೆಂಗಸು ಹಿತ್ತಲಲ್ಲಿ ಕತ್ತಲು ಹರಿಯುವ ಮುಂಚೆ ಕಾಣದೆ ಕರಿಯನ ಬಾಲ ತುಳಿದಳು. ಅವನು ತಿರುಗಿ ಅವಳ ಮೀನಖಂಡಕ್ಕೆ ಬಾಯಿಹಾಕಿದ. ರಕ್ತ ಬಂದಿತು. ನಲ್ಲಿಯ ಕೆಳಗೆ ಸೋಪು ಹಚ್ಚಿ ಕಾಲು ಗಂಟೆ ತೊಳೆಸಿ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. 'ನಾಯಿಗೆ ಲಸಿಕೆ ಆಗಿದೆಯೇ?' ಎಂದು ಕೇಳಿದರು. ಇಪ್ಪತ್ತು ವರ್ಷ ಪಾಠ ಹೇಳಿದ ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ.

ಹಿಂದೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ಕಾಲವೊಂದಿತ್ತು. ಆ ಲಸಿಕೆ ಈಗಿಲ್ಲ. ಅವಳಿಗೆ ಅಂದು ಗಾಯದ ಸುತ್ತ ಒಂದು ಮದ್ದು, ತೋಳಿಗೆ ಲಸಿಕೆ; ಅನಂತರ 3, 7 ಮತ್ತು 28ನೆಯ ದಿನ ಮತ್ತೆ ಲಸಿಕೆ. ಆಸ್ಪತ್ರೆಯಲ್ಲಿ ದುಡ್ಡು ಕೇಳಲಿಲ್ಲ. ಆದರೆ ಪ್ರತಿ ಸಲವೂ ಅವಳಿಗೆ ಅರ್ಧ ದಿನ ಹೋಯಿತು; ನಮ್ಮ ಮನೆಯಲ್ಲದೆ ಇನ್ನೂ ನಾಲ್ಕು ಮನೆಗಳ ಕೆಲಸ ಅವಳದು. ಕಚ್ಚಿದ ನಾಯಿಯನ್ನು 10 ದಿನ ಕಾದು ನೋಡಬೇಕೆಂದರು. ಆ ಹತ್ತು ದಿನವೂ ಕರಿಯ ನೀರು ಕುಡಿದರೆ ಸಾಕು, ನಮ್ಮ ಮನೆಯಲ್ಲಿ ಹಬ್ಬ. ಈ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕಿ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಹಾಗಿರುವಾಗ ನಿದ್ದೆ ಎಲ್ಲಿಂದ ಬರಬೇಕು? ಕರಿಯನಿಗೆ ಏನೂ ಆಗಲಿಲ್ಲ. ಅವಳಿಗೂ ಏನೂ ಆಗಲಿಲ್ಲ. ಮೂರನೆಯ ಸೂಜಿ ಹಾಕಿಸಿಕೊಂಡು ಬಂದ ದಿನ ಅವಳು ನಗುತ್ತಲೇ ಅಂದಳು: "ನಾಯಿ ನಿಮ್ದು ಮೇಷ್ಟ್ರೆ, ಸೂಜಿ ನನ್ಗಾ?"

ಕಳೆದ ಕೂಲಿಯನ್ನು ನಾನು ತುಂಬಿಕೊಟ್ಟೆ. ಹತ್ತು ರಾತ್ರಿಯ ಭಯವನ್ನು ತುಂಬಿಕೊಡುವ ನಾಣ್ಯ ನನ್ನ ಬಳಿ ಇರಲಿಲ್ಲ. ನನ್ನ ಪುಸ್ತಕದಲ್ಲಿ ಉಳಿದ 400 ರೂಪಾಯಿ ಆಕಾಶದಿಂದ ಬಿದ್ದದ್ದಲ್ಲ. ಮೊದಲು ಅದು ಕರಿಯನ ಪಾಲಿನದು. ಆಮೇಲೆ ಅದಕ್ಕೆ ಬಡ್ಡಿ ಕಟ್ಟಿದವಳು ಅವಳು.

ನನಗೆ ತೋರುವ ಭೇದ ಇಷ್ಟು. ಮಿತವ್ಯಯವನ್ನು ನಮ್ಮ ಹಿರಿಯರು ಗುಣವೆಂದು ಎಣಿಸಿದ್ದು ಅದರಲ್ಲಿ ಸ್ವಲ್ಪ ತ್ಯಾಗವಿದೆ ಎಂದು. ತನಗೆ ಬೇಕಾದದ್ದನ್ನು ತಾನು ಬಿಡುವವನು ಮಿತವ್ಯಯಿ. ಇನ್ನೊಬ್ಬನಿಗೆ ಬೇಕಾದದ್ದನ್ನು ತಾನು ಬಿಡಿಸಿ ಅದನ್ನು ತನ್ನ ಗುಣವೆಂದು ಬರೆದುಕೊಳ್ಳುವವನಿಗೆ ಬೇರೆ ಹೆಸರು ಬೇಕು. ಮಹಾಭಾರತದ ಕೊನೆಯಲ್ಲಿ ಧರ್ಮರಾಜನ ಹಿಂದೆ ಹೊರಟ ನಾಯಿಯ ಕಥೆ ಎಲ್ಲರಿಗೂ ಗೊತ್ತು. ರಾಜ್ಯ, ಸಂಪತ್ತು, ಸುಖ, ತನ್ನದೆಂಬುದೆಲ್ಲವನ್ನೂ ಅವನು ಬಿಟ್ಟು ಬಂದಿದ್ದಾನೆ. ಇಂದ್ರನು ರಥ ತಂದು, ಸ್ವರ್ಗದಲ್ಲಿ ನಾಯಿಗೆ ಸ್ಥಳವಿಲ್ಲ, ಅದನ್ನು ಬಿಡು ಎನ್ನುತ್ತಾನೆ. ಅಷ್ಟೆಲ್ಲ ಬಿಟ್ಟವನಿಗೆ ಇದೊಂದು ನಾಯಿ ಹೆಚ್ಚೇ? ಹೆಚ್ಚೇ ಆಯಿತು. ಏಕೆಂದರೆ ಉಳಿದದ್ದೆಲ್ಲ ಅವನದು, ಬಿಡುವ ಅಧಿಕಾರ ಅವನಿಗಿತ್ತು. ನಂಬಿ ಬಂದ ಪ್ರಾಣಿಯ ಆಶ್ರಯವನ್ನು ಬಿಟ್ಟುಕೊಡುವ ಅಧಿಕಾರ ಇರಲಿಲ್ಲ.

ಪಶ್ಚಿಮದ ವಿಚಾರವಂತರೂ ಈ ದಾರಿಯಲ್ಲಿ ನಡೆದಿದ್ದಾರೆ. ಕಾಂಟನು ಪ್ರಾಣಿಗೆ ನೇರವಾಗಿ ನಾವು ಸಲ್ಲಿಸಬೇಕಾದ ಕರ್ತವ್ಯವೇನೂ ಇಲ್ಲವೆಂದ. ಆದರೆ ಪ್ರಾಣಿಯ ವಿಷಯದಲ್ಲಿ ಒರಟಾದವನು ಮನುಷ್ಯನ ವಿಷಯದಲ್ಲಿಯೂ ಒರಟಾಗುತ್ತಾನೆ ಎಂದು ಎಚ್ಚರಿಸಿದ. ಬೆಂಥಾಮನು 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರಾಣಿಗೆ ಬುದ್ಧಿಯಿದೆಯೇ, ಮಾತಿದೆಯೇ ಎಂಬುದನ್ನು ಬದಿಗಿಟ್ಟು, ಅದು ನೋವುಣ್ಣುತ್ತದೆಯೇ ಎಂದು ಕೇಳಿದ. ನನ್ನ ಹಿತ್ತಲಲ್ಲಿ ಇಬ್ಬರ ಮಾತೂ ನಿಜವಾಯಿತು. ನಾಯಿಯ ವಿಷಯದಲ್ಲಿ ನಾನು ಮಾಡಿದ ಅಸಡ್ಡೆ ಒಬ್ಬ ಮನುಷ್ಯಳ ಕಾಲಿಗೆ ಹೋಗಿ ಮುಟ್ಟಿತು. ನಮ್ಮ ದೇಶದ ಕಾನೂನು ಕೂಡ ಇದನ್ನು ಬರಿಯ ದಯೆಗೆ ಬಿಟ್ಟಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯಲ್ಲಿ, ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡವನಿಗೆ ಅದರ ಯೋಗಕ್ಷೇಮ ನೋಡಿಕೊಳ್ಳುವ ಕರ್ತವ್ಯವನ್ನು ಹೊರಿಸಿದೆ. 1976ರ ತಿದ್ದುಪಡಿಯಿಂದ ಜೀವಿಗಳಲ್ಲಿ ಅನುಕಂಪವು ಸಂವಿಧಾನದ ಮೂಲಭೂತ ಕರ್ತವ್ಯಗಳ ಸಾಲಿಗೂ ಸೇರಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಮನುಷ್ಯರಿಗೇ ಅನ್ನವಿಲ್ಲದಿರುವಾಗ ನಾಯಿಗೆ ಖರ್ಚೇ? ಈ ಮಾತಿನ ತೂಕವನ್ನು ನಾನು ಅಲ್ಲಗಳೆಯಲಾರೆ. ಆದರೆ ಇದನ್ನು ಹೇಳುವ ಮುಂಚೆ ನಾವು ನಮ್ಮ ಪುಸ್ತಕವನ್ನು ತೆರೆದು ನೋಡಬೇಕು. ಆ ತಿಂಗಳು ನಾನು ಉಳಿಸಿದ್ದು ಯಾವ ಹಸಿದವನ ತಟ್ಟೆಗೂ ಹೋಗಿರಲಿಲ್ಲ. ಒಂದು ಭಾನುವಾರದ ಹೋಟೆಲ್ ಊಟಕ್ಕೆ ಹೋಗಿತ್ತು. ಬಡವನ ಹೆಸರನ್ನು ನಾವು ನಾಯಿಗೆ ವಿರುದ್ಧವಾಗಿ ಮಾತ್ರ ಎತ್ತುತ್ತೇವೆ, ನಮ್ಮ ಹೋಟೆಲಿಗೆ ವಿರುದ್ಧವಾಗಿ ಎತ್ತುವುದಿಲ್ಲ.

ಇನ್ನೊಂದು ಆಕ್ಷೇಪ: ಹಣವಿಲ್ಲದವನು ಪ್ರಾಣಿ ಸಾಕಲೇಬಾರದೇ? ಹಾಗೆ ಹೇಳಿದರೆ ಅದು ಉಳ್ಳವರ ನೀತಿಯಾದೀತು. ಎರಡು ಕುರಿ ಕಟ್ಟಿಕೊಂಡು ಬದುಕುವ ಮುದುಕಿ, ಗುಡಿಸಲ ಬಾಗಿಲಲ್ಲಿ ನಾಯಿಗೆ ತನ್ನ ಮುದ್ದೆ ಮುರಿದು ಹಾಕುವ ಕೂಲಿಯವನು, ಇವರು ನನಗಿಂತ ಚೆನ್ನಾಗಿ ಸಾಕುವುದನ್ನು ನಾನು ಕಂಡಿದ್ದೇನೆ. ಅಂಥವರಿಗಾಗಿಯೇ ತಾಲ್ಲೂಕುಗಳಲ್ಲಿ ಸರಕಾರಿ ಪಶು ಆಸ್ಪತ್ರೆಗಳಿವೆ. ಪ್ರತಿವರ್ಷ ಸೆಪ್ಟೆಂಬರ್ 28ರ ರೇಬೀಸ್ ದಿನದ ಸುಮಾರಿಗೆ ಉಚಿತವಾಗಿ ಲಸಿಕೆ ಹಾಕುವ ಶಿಬಿರಗಳೂ ಹಲವೆಡೆ ನಡೆಯುತ್ತವೆ. ಅಲ್ಲಿಗೆ ಹೋಗುವುದು ನಿಜವಾದ ಮಿತವ್ಯಯ. ಅಲ್ಲಿಗೂ ಹೋಗದೆ ಇರುವುದಕ್ಕೆ ಬಡತನವನ್ನು ದೂರಲಾಗದು.

ಬೇರೆ ಬಗೆಯ ಉಳಿತಾಯವೊಂದಿದೆ, ದಯೆಯ ವೇಷದಲ್ಲಿ ಬರುತ್ತದೆ. ಮದ್ದೂರು ನಿಲ್ದಾಣದಲ್ಲಿ ರೈಲು ನಿಂತಾಗ ಅರ್ಧ ತಿಂದ ವಡೆಯನ್ನು ಕಿಟಕಿಯಿಂದ ನಾಯಿಗೆ ಎಸೆದು ಪುಣ್ಯ ಬಂತೆಂದುಕೊಳ್ಳುವವರನ್ನು ನೋಡಿದ್ದೇನೆ. ಆ ವಡೆಯಲ್ಲಿ ಈರುಳ್ಳಿಯಿದೆ. ಈರುಳ್ಳಿ ಹೆಚ್ಚಾಗಿ ಹೊಟ್ಟೆಗೆ ಹೋದರೆ ನಾಯಿಯ, ಬೆಕ್ಕಿನ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಜ್ವರ ಬಂದ ಬೆಕ್ಕಿಗೆ ವೈದ್ಯರ ಖರ್ಚು ಉಳಿಯಲೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆಯನ್ನು ಅರೆದು ಕೊಟ್ಟರೆ ಅದೇ ಅದರ ಪ್ರಾಣ ತೆಗೆದೀತು. ಬೀದಿನಾಯಿಗೆ ಒಂದು ತುತ್ತು ಹಾಕಿ ಉಳಿದ ಹೊಣೆಯನ್ನು ಊರಿಗೆ ಬಿಡುವುದೂ ಇದೇ ಜಾತಿಯದು. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು ತಮ್ಮ ಆವರಣದಲ್ಲಿ ಸೇರಿದ್ದ ಬೀದಿನಾಯಿಗಳನ್ನು ಕೊಲ್ಲಿಸಿದಾಗ ಎದ್ದ ವಿವಾದದಲ್ಲಿ ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಸರಣಿಯಾಗಿ ಬರೆದು, ಸಾಕುವ ಹೊಣೆ ಹೊರದೆ ತುತ್ತು ಹಾಕುವುದು ದಯೆಯಲ್ಲವೆಂದು ವಾದಿಸಿದರು. ಕೊಂದದ್ದನ್ನು ಅವರು ಸಮರ್ಥಿಸಿದ್ದನ್ನು ನಾನು ಒಪ್ಪಲಾರೆ. ಇಂದು ಲಸಿಕೆ ಹಾಕಿ, ಸಂತಾನಶಕ್ತಿ ಹರಣ ಮಾಡಿ ಬಿಡುವ ಬೇರೆ ದಾರಿ ನಮಗಿದೆ. ಆದರೆ ಹೊಣೆಯ ಮಾತು ಮಾತ್ರ ಇಂದಿಗೂ ಚುಚ್ಚುತ್ತದೆ.

ಆದ್ದರಿಂದ ನಾನು ಈಗ ಆ ಕೊನೆಯ ಸಾಲಿಗೆ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಕಡಿದರೆ ನೋಯುವವರು ಯಾರು? ನನ್ನ ಡೌಲಾದರೆ ಧಾರಾಳವಾಗಿ ಕಡಿಯಲಿ. ಬಾಯಿಲ್ಲದ ಪ್ರಾಣಿಯೋ, ಬಾಯಿದ್ದೂ ಹೇಳದ ಬಡವರೋ ಆದರೆ ಲೇಖನಿ ಕೆಳಗಿಡಬೇಕು. ಈ ಪ್ರಶ್ನೆ ನಾಯಿಯ ಬಾಬಿಗೆ ಮಾತ್ರ ಸಲ್ಲುವುದಲ್ಲ. ಮನೆಯ ಮುದುಕರ ಕನ್ನಡಕ, ಕೆಲಸದವರ ಸಂಬಳ, ಎಲ್ಲಿ ಕೇಳುವವರಿಲ್ಲವೋ ಅಲ್ಲೆಲ್ಲ ನಮ್ಮ ಮಿತವ್ಯಯ ಬಹಳ ಚುರುಕಾಗಿರುತ್ತದೆ.

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕರಿಯನ ಲಸಿಕೆಯ ದಿನಕ್ಕೆ ಈಗ ಕೆಂಪು ಗುರುತಿದೆ. ಗುರುತು ಹಾಕಿದವನು ನಾನಲ್ಲ. ಆ ದಿನ ಹತ್ತಿರ ಬಂದಾಗ ನೆನಪು ಮಾಡುವವಳೂ ನನ್ನ ಹೆಂಡತಿಯಲ್ಲ. ಬೆಳಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು, ಕರಿಯನಿಗೆ ತಾನು ತಂದ ಮುದ್ದೆಯ ಚೂರು ಹಾಕುತ್ತ, "ಈ ತಿಂಗ್ಳು ಅಲ್ವಾ ಮೇಷ್ಟ್ರೆ?" ಎಂದು ಅವಳೇ ಕೇಳುತ್ತಾಳೆ. ಕಚ್ಚಿಸಿಕೊಂಡವಳು ಅವನ ಪರವಾಗಿ ಕೇಳುತ್ತಾಳೆ. ನಾನು ಚಪ್ಪಲಿ ಮೆಟ್ಟಿ ಅವನ ಹಗ್ಗ ಹಿಡಿದು ಹೊರಡುತ್ತೇನೆ.