ವಾಂತಿ ಮಾಡಿಸಬೇಕೋ, ಬೇಡವೋ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮಾತಿನಲ್ಲಿ ಎಣ್ಣಿ ಎಂದರೆ ಒಂದೇ ಪದಾರ್ಥವಲ್ಲ. ಒಗ್ಗರಣೆಗೆ ಹಾಕುವುದು ಎಣ್ಣಿ, ಕಂದೀಲಿಗೆ ಹಾಕುತ್ತಿದ್ದುದು ಚಿಮಣಿ ಎಣ್ಣಿ, ಕಬ್ಬಿಗೂ ಗೋವಿನಜೋಳಕ್ಕೂ ಹೊಡೆಯುವುದೂ ಎಣ್ಣಿಯೇ. ಗೌರವ ಕೊಟ್ಟು ಕರೆದರೆ ಅದು ಔಷಧ. ಹಿಡಕಲ್ ಅಣೆಕಟ್ಟಿನ ನೀರು ಕಾಲುವೆಗಿಳಿದು ಹೊಲ ಹಸಿರಾದಂತೆ ಈ ಮೂರನೆಯ ಎಣ್ಣಿಯೂ ಮನೆ ಹೊಕ್ಕು ಜಂತಿಯ ಸಂದಿಯಲ್ಲೋ ಗೋಡೆಯ ಮಾಡದಲ್ಲೋ ಕೂತಿದೆ. ತನ್ನ ಡಬ್ಬಿಯಲ್ಲೇ ಇರುತ್ತದೆಂಬ ಖಾತ್ರಿಯೂ ಇಲ್ಲ. ಪಕ್ಕದ ಹೊಲದವರಿಂದ ಒಂದಿಷ್ಟು ಕೇಳಿ ತಂದದ್ದು ತಂಪು ಪಾನೀಯದ ಬಾಟಲಿಯಲ್ಲಿ ನಿಂತಿರುತ್ತದೆ. ಮೂರು ವರ್ಷದ ಕೂಸಿಗೆ ಬಾಟಲಿಯ ಗುರುತು ಗೊತ್ತು, ಅಕ್ಷರ ಗೊತ್ತಿಲ್ಲ.

ಇದು ವಿಷಯ. ಸಂಶಯ ಏನೆಂದರೆ, ಕೂಸು ಕುಡಿದೇಬಿಟ್ಟಿತು ಎನ್ನೋಣ. ದವಾಖಾನೆ ಮುಟ್ಟುವ ಮೊದಲು ಹೊಟ್ಟೆಯಲ್ಲಿದ್ದುದನ್ನು ಮನೆಯವರು ಹೊರಗೆ ತೆಗೆಸಬೇಕೋ, ಬೇಡವೋ?

ಪೂರ್ವಪಕ್ಷ ಬಲವಾಗಿಯೇ ಇದೆ. “ಕಾಲಾಗ ಮುಳ್ಳು ನಟ್ರ ತಗೀತೀವಿ, ಹೊಟ್ಟ್ಯಾಗ ವಿಷ ಹೋದ್ರ ತಗೀಬಾರದೇನು?” ಅದಕ್ಕೇ ಉಪ್ಪಿನ ನೀರು, ಸಾಬೂನಿನ ನೀರು, ಹುಣಸೆ ಹುಳಿ, ಗಂಟಲಿಗೆ ಬೆರಳು. ಇನ್ನು ಕೆಲವನ್ನು ಇಲ್ಲಿ ಬರೆಯಲು ಕೈ ಬಾರದು. ಇದನ್ನು ಹಳ್ಳಿಯವರ ಅಜ್ಞಾನವೆಂದು ನಗುವವರು ಒಂದು ಸಂಗತಿ ತಿಳಿಯಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಬಹುಕಾಲ, ಕೂಸಿರುವ ಮನೆಯಲ್ಲಿ ವಾಂತಿ ಬರಿಸುವ ಇಪೆಕಾಕ್ ಸಿರಪ್ ಇರಲಿ ಎನ್ನುತ್ತಿತ್ತು. 2003ರಲ್ಲಿ ಅದೇ ಸಂಘ ಮಾತು ಹಿಂತೆಗೆದುಕೊಂಡು, ಮನೆಯಲ್ಲಿದ್ದರೆ ಅದನ್ನು ವಿಲೇವಾರಿ ಮಾಡಿರೆಂದಿತು.

ಸಿದ್ಧಾಂತ: ಮಾಡಿಸಬಾರದು. ಮುಳ್ಳಿನ ದೃಷ್ಟಾಂತ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಅನ್ನನಾಳದ ಮಗ್ಗುಲಿಗೇ ಗಾಳಿಯ ಕೊಳವೆಯಿದೆ. ಚಿಮಣಿ ಎಣ್ಣಿ ಹೊಟ್ಟೆಯಲ್ಲಿ ಮಾಡುವ ಕೇಡು ಅಲ್ಪ. ವಾಂತಿಯ ಜತೆ ಮೇಲೆ ಬಂದು ಕೆಲವೇ ಹನಿ ಪುಪ್ಪುಸಕ್ಕಿಳಿದರೂ ಕೂಸಿಗೆ ಉಸಿರು ಸಿಗದಂಥ ನ್ಯುಮೋನಿಯಾ ಬರುತ್ತದೆ. ಸಂಡಾಸು ತೊಳೆಯುವ ಆ್ಯಸಿಡ್ ಇಳಿಯುವಾಗ ಒಮ್ಮೆ ಸುಡುತ್ತದೆ, ವಾಂತಿ ಮಾಡಿಸಿದರೆ ಹತ್ತುವಾಗ ಇನ್ನೊಮ್ಮೆ. ಹೊಲದ ಎಣ್ಣಿ ಕುಡಿದವನು ಯಾವ ಕ್ಷಣಕ್ಕೆ ಎಚ್ಚರ ತಪ್ಪುತ್ತಾನೋ ಗೊತ್ತಿಲ್ಲ; ಎಚ್ಚರವಿಲ್ಲದವನಿಗೆ ವಾಂತಿಯೇ ಉರುಳು. ಗಟ್ಟಿ ಉಪ್ಪಿನ ನೀರಂತೂ ರಕ್ತದ ಉಪ್ಪನ್ನು ಏರಿಸಿ ತಾನೇ ಎರಡನೆಯ ವಿಷವಾಗುತ್ತದೆ.

ಆಕ್ಷೇಪ: “ನಮ್ಮ ಅಮ್ಮ ಹಿಂಗ ಮಾಡೇ ಬದುಕಿಸ್ಯಾಳ.” ಬದುಕಿದ್ದು ನಿಜವಿರಬಹುದು. ಆದರೆ ಕುಡಿದದ್ದು ಒಂದು ಗುಟುಕೋ ಅರ್ಧ ಬಾಟಲಿಯೋ, ಎಂಥ ಎಣ್ಣಿಯೋ, ಯಾರೂ ಅಳೆದಿಲ್ಲ. ಕಾಗಿ ಕೂಡಾಕ, ಟೊಂಗಿ ಮುರಿಯಾಕ. ಹಾಗೆ ಮಾಡಿಯೂ ಸತ್ತವರ ಕಥೆಯನ್ನು ಕಟ್ಟೆಯ ಮೇಲೆ ಯಾರೂ ಹೇಳುವುದಿಲ್ಲ.

ಆಕ್ಷೇಪ: ಡಾಕ್ಟರರೂ ನಳಿಗೆ ಹಾಕಿ ಹೊಟ್ಟೆ ತೊಳೆಯುತ್ತಾರಲ್ಲ? ತೊಳೆಯುತ್ತಾರೆ, ವಿಷ ಯಾವುದೆಂದು ನೋಡಿ, ಕುಡಿದು ಹೆಚ್ಚು ಹೊತ್ತಾಗಿರದಿದ್ದರೆ, ಉಸಿರಿನ ದಾರಿ ಕಾಯ್ದುಕೊಂಡು. ಚಿಮಣಿ ಎಣ್ಣಿಗೂ ಆ್ಯಸಿಡ್ಡಿಗೂ ಅವರೂ ಸಾಮಾನ್ಯವಾಗಿ ಆ ಗೋಜಿಗೆ ಹೋಗುವುದಿಲ್ಲ.

ಹಾಲು ಕುಡಿಸೋಣವೆ? ಅದೂ ಬೇಡ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆ ಕೊಬ್ಬಿನಲ್ಲಿ ಕರಗಿ ಬೇಗ ಮೈಗೇರುತ್ತದೆ. ಇಲಿ ಪಾಷಾಣವೆಂದು ಮಾರುವ ಕಪ್ಪು ಪುಡಿ, ಅಂದರೆ ಜಿಂಕ್ ಫಾಸ್ಫೈಡ್, ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ. ಕಾಳಿನ ಚೀಲದಲ್ಲಿಡುವ ಗುಳಿಗೆಯದೂ ಅದೇ ಗುಣ. ಅದನ್ನು ನುಂಗಿದವನ ವಾಂತಿಯ ಗಾಳಿ ಆರೈಕೆ ಮಾಡುವವನಿಗೂ ಕೇಡು. ಬಾಗಿಲು, ಕಿಟಕಿ ತೆರೆದಿರಲಿ. ಆಸ್ಪತ್ರೆಯಲ್ಲಿ ಇದ್ದಲಿ ಕುಡಿಸುತ್ತಾರೆಂದು ಕೇಳಿ ಒಲೆಯ ಇದ್ದಲಿ ಅರೆಯುವವರಿದ್ದಾರೆ. ಅಲ್ಲಿಯದು ವಿಷ ಹೀರಲೆಂದೇ ಬೇರೆ ರೀತಿಯಲ್ಲಿ ಸಿದ್ಧಪಡಿಸಿದ್ದು.

ಈಗ ನಿಜವಾಗಿ ಕಠಿಣವಾದ ಆಕ್ಷೇಪ. ಇದೂ ಬೇಡ, ಅದೂ ಬೇಡ. ಬೆಳಗಾವಿ ಒಂದು ತಾಸಿಗೂ ಮೇಲಿನ ದಾರಿ, ಅಲ್ಲಿಯ ತನಕ ಕೂಸನ್ನು ನೋಡುತ್ತ ಕೂಡುವುದೇ? ಅಲ್ಲ, ಕೈತುಂಬ ಕೆಲಸವಿದೆ. ಮೊದಲು 108ಕ್ಕೆ ಫೋನು. ಹತ್ತಿರದ ಸರಕಾರಿ ದವಾಖಾನೆಗೇ ಹೋಗಬೇಕು, ದೊಡ್ಡದನ್ನು ಹುಡುಕುತ್ತ ಹತ್ತಿರದ್ದನ್ನು ದಾಟಬಾರದು. ಬಾಯಲ್ಲಿ ಉಳಿದದ್ದನ್ನು ಒರೆಸಿ ತೆಗೆಯಿರಿ. ಎಣ್ಣಿ ಮೈಮೇಲೆ ಚೆಲ್ಲಿದ್ದರೆ ಅದು ತೊಗಲಿನಿಂದಲೂ ಒಳಗಿಳಿಯುತ್ತದೆ: ಬಟ್ಟೆ ಬಿಚ್ಚಿ, ನಿಮ್ಮ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಂಡು, ಸಾಬೂನು ಹಚ್ಚಿ ಸುರಿಯುವ ನೀರಿನಲ್ಲಿ ತೊಳೆಯಿರಿ. ಎಚ್ಚರ ತಪ್ಪುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿಸಿ. ತಾನಾಗಿ ವಾಂತಿಯಾದರೂ ಅದು ಹೊರಗೆ ಹರಿಯುತ್ತದೆ. ಬಾಯಿಗೆ ಬಾಯಿಟ್ಟು ಊದಬೇಡಿ. ಬಾಟಲಿಯನ್ನು, ಚೀಟಿಯನ್ನು ಜತೆಗೊಯ್ಯಿರಿ. ಡಬ್ಬಿಯ ತ್ರಿಕೋನದಲ್ಲಿ ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಪ್ರತಿವಿಷ ಯಾವುದೆಂಬುದು ಒಳಗಿನ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಜೊಲ್ಲು, ಬೆವರು ಸುರಿದು ಕಣ್ಣಪಾಪೆ ಸಾಸಿವೆಯಷ್ಟಾಗಿದ್ದರೆ ಡಾಕ್ಟರರು ಅಟ್ರೋಪಿನ್ ಚುಚ್ಚುತ್ತಾರೆ. ಆ ಕೂಸನ್ನು ಉಳಿಸುವುದು ಅದು, ಹುಣಸೆ ಹುಳಿಯಲ್ಲ.

“ಆಡಾಕತ್ತೇತಿ, ಏನೂ ಆಗಿಲ್ಲ” ಎಂಬ ಸಮಾಧಾನ ಬೇಡ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಕುಡಿದವನು ಮೊದಲ ದಿನ ಮಾತಾಡಿಕೊಂಡೇ ಇರುತ್ತಾನೆ. ಪುಪ್ಪುಸ ಗಟ್ಟಿಯಾಗುವುದು ದಿನಗಳ ಮೇಲೆ. ಅದಕ್ಕೆ ಪ್ರತಿವಿಷವೂ ಇಲ್ಲ.

ಪೊಲೀಸ್ ಕೇಸಾಗುತ್ತದೆಂದು ಅಂಜಿ ಮುಚ್ಚಿಡುವವರಿಗೆ: 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮೊದಲು ಜೀವ, ಕಾಗದಪತ್ರ ಆಮೇಲೆ ಎಂದು ಎಲ್ಲ ವೈದ್ಯರಿಗೂ ಹೇಳಿದೆ. ದವಾಖಾನೆಯಲ್ಲಿ ಹೆಸರು ಮರೆಸಿದ ವಿಷಕ್ಕೆ ಔಷಧ ಸಿಗದು.

ಕಡೆಯ ಆಕ್ಷೇಪ ಓದಿದವರದು. ಶ್ರೀಲಂಕಾದ 180 ಹಳ್ಳಿಗಳ ಪೈಕಿ ಅರ್ಧದಲ್ಲಿ ಕೀಲಿಯ ಪೆಟ್ಟಿಗೆ ಹಂಚಿ ನೋಡಿದರು. ವಿಷಪ್ರಾಶನ ಕಡಿಮೆಯಾಗಲಿಲ್ಲವೆಂದು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಹಾಗಾದರೆ ಕೀಲಿ ಏಕೆ? ಅವರು ಅಳೆದದ್ದು ಬೇಕೆಂದೇ ಕುಡಿದವರನ್ನು. ಅಂಥವರು ಕೀಲಿಕೈ ಹುಡುಕುತ್ತಾರೆ. ಕೂಸು ಹುಡುಕುವುದಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಪೆಟ್ಟಿಗೆಗೂ ಜಾಗವಿಲ್ಲ ಎನ್ನುವವರೊಡನೆ ನಾನು ಜಗಳವಾಡುವುದಿಲ್ಲ. ಆದರೆ ಬಾಟಲಿ ಬದಲಿಸದಿರಲು ಜಾಗ ಬೇಕಿಲ್ಲ. 2013ರ ಜುಲೈ 16ರಂದು ಬಿಹಾರದ ಗಂಡಾಮನ್ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸಿಕ್ಕಿತು. ಎಣ್ಣಿಯಲ್ಲಿ ಎಣ್ಣಿ.

ದಿಲ್ಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಹಗಲೂ ರಾತ್ರಿಯೂ ಫೋನಿನಲ್ಲಿ ಸಿಗುತ್ತದೆ, ಕಾಸು ಕೊಡಬೇಕಿಲ್ಲ: 1800 116 117. ಹಾಲಿನ ಲೆಕ್ಕ ಬರೆಯುವ ಗೋಡೆಯ ಮೇಲೆ ಇದನ್ನೂ 108ನ್ನೂ ದಪ್ಪಗೆ ಬರೆದಿಡಿ. ಒಲೆಯ ಇದ್ದಲಿ ಅಷ್ಟಕ್ಕೆ ಸಾಕು.