ಬಾಯಿಗೆ ನೀರು ಬಿಟ್ಟವರು

ಗಂಡಹೆಂಡಿರ ಸಂಬಂಧವನ್ನು ಹರಿಯಲು ಸೋಡಚೀಟಿಯುಂಟು. ಅಣ್ಣತಂಗಿಯರ ಸಂಬಂಧವನ್ನು ಹರಿಯುವ ಚೀಟಿಯನ್ನು ಯಾವ ಪಂಚರೂ ಬರೆದುಕೊಟ್ಟದ್ದಿಲ್ಲ. ಹಾಗಿದ್ದ ಮೇಲೆ, ಹೆಂಡತಿಯಿಂದ ಬಿಡುಗಡೆ ಪಡೆದ ಅಣ್ಣನೊಬ್ಬ ತೀರಿಕೊಂಡರೆ ಅವನ ಹೊಲಮನೆ ಯಾರಿಗೆ ಸಲ್ಲಬೇಕು? ನಮ್ಮ ಹುಕ್ಕೇರಿಯ ಕಡೆ ಈ ಪ್ರಶ್ನೆ ಎತ್ತುವವರ ಬಳಿ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಕಾಯದೆಯ ಉತ್ತರ ಮಾತ್ರ ಬೇರೆ.

ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಗಂಡನ ಮನೆಯ ಕೆಲಸ ಮುಗಿಸಿ, ದಿನವೂ ತವರಿಗೆ ನಡೆದು ಬಂದು, ಕಾಯಿಲೆ ಬಿದ್ದ ಅಣ್ಣನನ್ನು ಮೂರು ವರ್ಷ ನೋಡಿಕೊಂಡಳು. ಅವನಿಗೆ ಕೋರ್ಟಿನಲ್ಲಿ ವಿಚ್ಛೇದನವಾಗಿತ್ತು. ಇಬ್ಬರು ಮಕ್ಕಳು ತಾಯಿಯ ಕಡೆ ಬೆಳೆಯುತ್ತಿದ್ದರು. ತಂದೆಯನ್ನು ನೋಡಲು ಬಂದವರಲ್ಲ. ಎರಡೆಕರೆ ಕಬ್ಬಿನ ಹೊಲ ಬಿಟ್ಟು, ಏನನ್ನೂ ಬರೆದಿಡದೆ ಆತ ತೀರಿಕೊಂಡ. "ಅವನ ಬಾಯಾಗ ನೀರ ಬಿಟ್ಟಾಕಿ ನಾನು. ಉತಾರದಾಗ ಹೆಸರು ಬಿಟ್ಟ ಹ್ವಾದಾಕಿ ಮಕ್ಕಳದು! ಇದ್ಯಾವ ನ್ಯಾಯ, ನೀವಽ ಹೇಳ್ರಿ ಕಾಕಾ" ಎಂದಳು.

1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯದೆ ಜಾರಿಗೆ ಬಂದಾಗ ಹುಕ್ಕೇರಿ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ನಾಲ್ಕೂವರೆ ತಿಂಗಳ ಮೇಲೆ, ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯ ಬದಲಾದರೂ ಈ ಕಾಯದೆ ಬದಲಾಗಲಿಲ್ಲ. ಲಿಂಗಾಯತರನ್ನೂ ಜೈನರನ್ನೂ ಹೆಸರಿಸಿಯೇ ಅದು ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಗಂಡಸು ಮೃತ್ಯುಪತ್ರವಿಲ್ಲದೆ ಸತ್ತರೆ ಅವನ ಮಕ್ಕಳಿಗೂ, ಬದುಕಿದ್ದರೆ ತಾಯಿಗೂ ಸಮಪಾಲು. ವಿಚ್ಛೇದಿತ ಪತ್ನಿ ವಿಧವೆಯಲ್ಲವಾದ್ದರಿಂದ ಆಕೆಗೆ ಪಾಲಿಲ್ಲ. ಆದರೆ ವಿಚ್ಛೇದನ ಮಕ್ಕಳನ್ನು ಮುಟ್ಟುವುದಿಲ್ಲ. ಮೊದಲ ವರ್ಗದ ವಾರಸುದಾರರು ಯಾರೂ ಇಲ್ಲದೆ, ತಂದೆಯೂ ಇಲ್ಲದಿದ್ದಾಗ ಮಾತ್ರ ಅಣ್ಣತಮ್ಮ, ಅಕ್ಕತಂಗಿಯರ ಸರದಿ. ಅಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಇದು ನಮ್ಮವರಿಗೆ ತೀರ ಹೊಸದೂ ಅಲ್ಲ: ಬೇರೆ ಪ್ರಾಂತಗಳ ಸೋದರಿಗೆ 1929ರ ಕಾಯದೆಯಿಂದ ದೊರೆತ ಸ್ಥಾನ, ಸೋದರನ ನಂತರವಾದರೂ, ಮುಂಬಯಿ ಪ್ರಾಂತದಲ್ಲಿ ಮೊದಲೇ ಇತ್ತು.

ಸಮೀಪದ ಬಂಧು ಯಾರೆಂಬ ಚರ್ಚೆ ಹಳೆಯದು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ, 'ಸಪಿಂಡ' ಎಂಬಲ್ಲಿಯ ಪಿಂಡಕ್ಕೆ ದೇಹವೆಂದು ಅರ್ಥ ಹೇಳಿದ. ಒಂದೇ ದೇಹದ ಅಂಶವುಳ್ಳವರು ಬಂಧುಗಳು. ಬಂಗಾಲದ ಜೀಮೂತವಾಹನ ಅದನ್ನು ಶ್ರಾದ್ಧದ ಪಿಂಡವೆಂದ. ಸತ್ತವನಿಗೆ ಹಿತ ಮಾಡಬಲ್ಲವನು ಬಂಧು. ಈ ಹೆಣ್ಣುಮಗಳ ವಾದ, ಅವಳಿಗೆ ತಿಳಿಯದೆಯೇ, ಬಂಗಾಲದ ಪಂಡಿತನ ಕಡೆಗೆ ವಾಲುತ್ತದೆ. ಹನಫಿ ಮುಸಲ್ಮಾನರ ನ್ಯಾಯ ಇನ್ನೊಂದು ದಾರಿ ಹಿಡಿದಿದೆ: ಗಂಡುಮಕ್ಕಳೂ ತಂದೆಯೂ ಇಲ್ಲದೆ ಒಬ್ಬಳೇ ಮಗಳಿದ್ದರೆ ಅರ್ಧ ಅವಳಿಗೆ; ತಾಯಿಯ ಪಾಲು ತೆಗೆದು ಉಳಿದದ್ದು ಸಾಮಾನ್ಯವಾಗಿ ಒಡಹುಟ್ಟಿದವರಿಗೆ.

ನಾನು ವಿಜ್ಞಾನೇಶ್ವರನ ಪಕ್ಷ. ಆ ಮಕ್ಕಳು ಬರಲಿಲ್ಲವೆಂದರೆ ಅವರನ್ನು ಯಾರೂ ಕರೆತರಲಿಲ್ಲವೆಂದೇ ಅರ್ಥ. ತಂದೆತಾಯಿಗಳ ಜಗಳದಲ್ಲಿ ಮನೆ ಕಳೆದುಕೊಂಡವರಿಂದ ಹೊಲವನ್ನೂ ಕಸಿಯಬೇಕೆ? ಅದಲ್ಲದೆ, ಸೇವೆಯನ್ನು ತೂಗಿ ಪಾಲು ಕೊಡುವುದಾದರೆ ತೂಗುವವರಾರು? ಔಷಧದ ಬಿಲ್ಲು ಜೋಡಿಸಿಟ್ಟವನು ಗೆದ್ದಾನು, ರಾತ್ರಿ ನಿದ್ದೆಗೆಟ್ಟವಳು ಸೋತಾಳು. "ಖರ್ಚು ಮಾಡಿದ್ದರೆ ಲೆಕ್ಕ ಇಟ್ಟೀಯೇನವ್ವಾ?" ಎಂದು ನಾನು ಕೇಳಿದ್ದೆ. "ಸಾಲ ಕೊಟ್ಟಿದ್ದಿಲ್ಲರೀ ಅದು" ಎಂದು ಸಿಟ್ಟಿಗೆದ್ದಳು. ಅವಳ ಸಿಟ್ಟು ಸರಿಯಾದದ್ದು.

ಆದರೆ ಸತ್ತವಳು ಅಕ್ಕನೋ ತಂಗಿಯೋ ಆಗಿದ್ದರೆ ನನ್ನ ಸಮಾಧಾನ ಉಳಿಯುವುದಿಲ್ಲ. ಗಂಡ ಬಿಟ್ಟವಳು ತವರಿನಲ್ಲಿದ್ದು, ದುಡಿದು, ಒಂದು ಮನೆ ಮಾಡಿಕೊಂಡಳೆನ್ನಿ. ಮಕ್ಕಳಿಲ್ಲದೆ, ಮೃತ್ಯುಪತ್ರವೂ ಇಲ್ಲದೆ ಸತ್ತರೆ ಅದು ಆ ಗಂಡನಿಗೆ. ಅವನೂ ಇಲ್ಲದಿದ್ದರೆ ಅವನ ವಾರಸುದಾರರಿಗೆ. ತಂದೆತಾಯಿಗಳಿಂದ ಬಂದ ಆಸ್ತಿ ಮಾತ್ರ ತಂದೆಯ ವಾರಸುದಾರರಿಗೆ ಮರಳುತ್ತದೆ. 2009ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ವ್ಯಾಜ್ಯದಲ್ಲಿ, 1955ರಲ್ಲಿ ಮದುವೆಯಾಗಿ ಮೂರೇ ತಿಂಗಳಲ್ಲಿ ಹಾವು ಕಚ್ಚಿ ಗಂಡ ಸತ್ತ ಹುಡುಗಿಯನ್ನು ಅತ್ತೆಮನೆಯವರು ಹೊರಗೆ ಹಾಕಿದ್ದರು. ತವರಿನವರು ಓದಿಸಿದರು, ನೌಕರಿಯಾಯಿತು. 1996ರಲ್ಲಿ ಆಕೆ ಸತ್ತಾಗ ಬ್ಯಾಂಕಿನ ಠೇವಣಿಯೂ ಭವಿಷ್ಯನಿಧಿಯೂ ಹೋದದ್ದು ಗಂಡನ ಸೋದರಿಯ ಮಕ್ಕಳಿಗೆ. ಓದಿಸಿದ ತಾಯಿಗಲ್ಲ, ಸೋದರನಿಗೂ ಅಲ್ಲ. ಕರುಣೆಯಿಂದ ಕಾಯದೆಯ ಅರ್ಥ ತಿರುಗದೆಂದಿತು ನ್ಯಾಯಾಲಯ. ಈ ಕಲಮನ್ನು ತಿದ್ದಬೇಕೆಂದು ಕಾನೂನು ಆಯೋಗ 2008ರಲ್ಲೇ ತನ್ನ 207ನೆಯ ವರದಿಯಲ್ಲಿ ಹೇಳಿತ್ತು. ಹೆಣ್ಣಿನ ಸ್ವಂತ ಗಳಿಕೆಯನ್ನು ಅವಳನ್ನು ಹೊರಗೆ ಹಾಕಿದ ಮನೆಗೆ ಕಳಿಸುವ ಈ ನಿಯಮಕ್ಕೆ ದೇಹಸಂಬಂಧದ ಆಧಾರವೂ ಇಲ್ಲ, ಸೇವೆಯ ಆಧಾರವೂ ಇಲ್ಲ.

ಇಲ್ಲಿಯೇ ಚೀಟಿಯ ಬೆಲೆ ತಿಳಿಯುವುದು. ಕಾಯದೆಬದ್ಧವಾಗಿ ವಿಚ್ಛೇದನವಾಗಿದ್ದರೆ ಗಂಡನ ಕಡೆಯವರು ಬದಿಗೆ ಸರಿಯುತ್ತಾರೆ. ಮಕ್ಕಳಿಲ್ಲದಾಗ ತಂದೆತಾಯಿ, ಅವರ ಮೇಲೆ ತಂದೆಯ ವಾರಸುದಾರರು, ಎಂದರೆ ಒಡಹುಟ್ಟಿದವರು, ಬರುತ್ತಾರೆ. ರೂಢಿಯ ಸೋಡಚೀಟಿಯನ್ನು 1955ರ ವಿವಾಹ ಕಾಯದೆ ಅಳಿಸಿಲ್ಲ; ಆದರೆ ಆ ಕುಲದಲ್ಲಿ ಅಂಥ ರೂಢಿಯಿತ್ತೆಂದು ಸಿದ್ಧಪಡಿಸಬೇಕು. ಪಂಚರು ತೀರಿಹೋಗಿ, ಚೀಟಿಯನ್ನು ಗೆದ್ದಲು ತಿಂದ ಮೇಲೆ ಸಿದ್ಧಪಡಿಸುವುದು ಹೇಗೆ?

ಮೃತ್ಯುಪತ್ರಕ್ಕೆ ಮುದ್ರೆಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬರೆಯುವವರ ರುಜು, ಇಬ್ಬರು ಸಾಕ್ಷಿಗಳ ರುಜು ಸಾಕು. ಆ ಅಣ್ಣನು ತಂಗಿಗೆ ಒಂದೆಕರೆಯನ್ನಾದರೂ ಬರೆದಿಡಬಹುದಿತ್ತು. ಅದಕ್ಕೆ ಮಕ್ಕಳು ಅಡ್ಡಬರುವಂತಿರಲಿಲ್ಲ. ಮೂರು ವರ್ಷ ಹಾಸಿಗೆಯಲ್ಲಿದ್ದವನಿಗೆ ಸಮಯವಿರಲಿಲ್ಲವೆನ್ನಲಾರೆ. ಕಾಗದ ತಂದುಕೊಟ್ಟು ಬರೆಯೆನ್ನಲು ತಂಗಿಗೆ ಬಾಯಿ ಬರಲಿಲ್ಲ. ಹಾಗೆ ಕೇಳಿದವಳನ್ನು ಊರು ಏನೆನ್ನುತ್ತಿತ್ತೆಂಬುದು ಅವಳಿಗೆ ಗೊತ್ತಿತ್ತು.