ಕುಲೀನತೆಯ ನೆಲೆ

ಮನುಷ್ಯನ ಕುಲೀನತೆಗೆ ಆತನ ವೃತ್ತಿಯು ಪ್ರಮಾಣವೋ, ನಡತೆಯು ಪ್ರಮಾಣವೋ? ಆಸ್ಟ್ರೇಲಿಯದ ದೋಣಿಪಂದ್ಯದ ವೀರ ಬಾಬಿ ಪಿಯರ್ಸನ ಜೀವನದಲ್ಲಿ ಈ ಪ್ರಶ್ನೆಯು ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ.

1928ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಲಿಂಪಿಕ್ ಪಂದ್ಯದಲ್ಲಿ ಆತನು ಏಕಾಕಿಯಾಗಿ ದೋಣಿಯನ್ನು ನಡೆಸುತ್ತಿರಲು, ಬಾತುಕೋಳಿಯೊಂದು ಮರಿಗಳ ಸಾಲಿನೊಡನೆ ಕಾಲುವೆಯಲ್ಲಿ ಅಡ್ಡಬಂದಿತು. ಆತನು ಹುಟ್ಟುಗಳನ್ನು ತಡೆದು ನಿಂತನು. ಫ್ರಾನ್ಸಿನ ಪ್ರತಿಸ್ಪರ್ಧಿಯು ಮುಂದೆ ಸಾಗಿದನು. ಹಕ್ಕಿಗಳು ದಾಟಿದ ಬಳಿಕ ಪಿಯರ್ಸನು ಅವನನ್ನು ಹಿಂದಿಕ್ಕಿದನು. ಕಡೆಗೆ ಸ್ವರ್ಣಪದಕವನ್ನೂ ಪಡೆದನು.

ಇಂಥವನಿಗೆ ಇಂಗ್ಲೆಂಡಿನ ಹೆನ್ಲಿಯ ಪಂದ್ಯದಲ್ಲಿ ಮೊದಲು ಪ್ರವೇಶವೇ ದೊರೆಯಲಿಲ್ಲ. ಕೈಕೆಲಸದ ಕೂಲಿಯಿಂದ ಜೀವಿಸುವವನು ಅಲ್ಲಿ ಸ್ಪರ್ಧಿಸಕೂಡದೆಂಬುದು ನಿಯಮ, ಪಿಯರ್ಸನು ಬಡಗಿ. ಕೆನಡಾಕ್ಕೆ ಹೋಗಿ ಮದ್ಯದ ಮಾರಾಟಗಾರನಾದ ಮೇಲೆ ಅದೇ ಬಾಗಿಲು ತೆರೆಯಿತು. 1931ರಲ್ಲಿ ಆತನು ಅಲ್ಲಿಯೂ ಗೆದ್ದನು. 1932ರಲ್ಲಿ ಲಾಸ್ ಏಂಜಲೀಸಿನಲ್ಲಿ ಮತ್ತೊಮ್ಮೆ ಸ್ವರ್ಣವನ್ನು ಪಡೆದನು.

ಉಳಿಯನ್ನು ಕೆಳಗಿಟ್ಟು ಮದ್ಯವನ್ನು ಮಾರತೊಡಗಿದ ಮಾತ್ರಕ್ಕೆ ಮನುಷ್ಯನು ಕುಲೀನನಾಗುವನೇ? ತೋಳುಗಳು ಅವೇ, ಹೃದಯವೂ ಅದೇ. ಆ ನಿಯಮವನ್ನು 1937ರಲ್ಲಿ ತೆಗೆದುಹಾಕಿದರು. ಆದರೆ ಅದಕ್ಕೆ ತಕ್ಕ ಉತ್ತರವು ಒಂಬತ್ತು ವರ್ಷಗಳ ಹಿಂದೆಯೇ ಆ ಕಾಲುವೆಯಲ್ಲಿ ದೊರೆತಿತ್ತು. ಗೆಲ್ಲುವೆನೆಂಬ ನಿಶ್ಚಯವಿಲ್ಲದೆಯೇ ಆತನು ಅಂದು ನಿಂತನು. ಸೋತಿದ್ದರೂ ಆ ನಿಲುಗಡೆಯ ಬೆಲೆ ಕುಂದುತ್ತಿರಲಿಲ್ಲ.